ಟೋಪಿಯಲ್ಲಿ ಉಳಿದ ಚೀಟಿ

ಏಲಕ್ಕಿ ಸ್ವಲ್ಪ ಹೆಚ್ಚೇ ಆಯಿತು, ಮನೆಯೆಲ್ಲ ಅದೇ ವಾಸನೆ, ಬ್ರೆಡ್ಡಿನ ಅಡಿ ಸೀಯುವ ಮೊದಲು ಓವನ್ ಆರಿಸಬೇಕು, ಕಿಟಕಿಯಾಚೆ ಸರೋವರ ಹೆಪ್ಪುಗಟ್ಟಿ ಬೂದಿಬಣ್ಣ, ರಸ್ತೆಯಲ್ಲಿ ಒಂದು ಕಾರೂ ಇಲ್ಲ, ಹನ್ನೊಂದಕ್ಕೆ ಬರುತ್ತೇನೆ ಎಂದು ಆರ್ವೋ ಸಿಲ್ವಿಗೆ ಫೋನಿನಲ್ಲಿ ಹೇಳಿದ್ದನಂತೆ, ತನ್ನ ಅಕ್ಕನಿಗೆ ಹೇಳಿದ, ನನಗಲ್ಲ, ಇರಲಿ, ಹನ್ನೊಂದೂವರೆ ಆಯಿತು, ಅವನಿರುವ ಡುಲೂತಿನಿಂದ ಇಲ್ಲಿಗೆ ನಾಲ್ಕು ಗಂಟೆ, ಹಿಮ ಬಿದ್ದಿದ್ದರೆ ಐದು, ಬರುತ್ತಾನೆ, ಬರದೆ ಏನು, ಹೆತ್ತ ಮಗ — ಮೂರು ವರ್ಷ ಬರದಿದ್ದವನೂ ಇದೇ ಮಗನಲ್ಲವೇ ಹೆಲ್ಮಿ, ಮಾರ್ಚ್‌ನಲ್ಲಿ ಅಪ್ಪನನ್ನು ಮಣ್ಣು ಮಾಡುವಾಗಲೂ ಬರಲಿಲ್ಲ. ಮೂರು ವರ್ಷದ ಹಿಂದಿನ ಆ ಕ್ರಿಸ್‌ಮಸ್‌ನಲ್ಲಿ ಈ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಅಷ್ಟು ಪೊಟ್ಟಣ, ನನ್ನ ಗಂಡ ಉರ್ಹೋಗೆ ಕೊಡುವುದೆಂದರೆ ಹುಚ್ಚು, ಕೊಟ್ಟದ್ದನ್ನು ಎಲ್ಲರೂ ನೋಡಬೇಕೆಂಬ ಹುಚ್ಚು ಅದಕ್ಕಿಂತ ದೊಡ್ಡದು, ಆರ್ವೋ ಆಗ ಕೆಲಸ ಕಳೆದುಕೊಂಡಿದ್ದ, ಸುಮ್ಮನೆ ಬಂದು ಕುಳಿತಿದ್ದ, ನೋಡ್ರಪ್ಪಾ ದೊರೆ ಕೈ ಬೀಸ್ಕೊಂಡು ಬಂದಿದ್ದಾನೆ, ಪಾಪ ಇವನಿಗೂ ಒಂದು ತಟ್ಟೆ ಇಡು ಹೆಲ್ಮಿ, ಎಂದ ಉರ್ಹೋ, ಎಲ್ಲರೂ ನಕ್ಕರು, ನಾನೂ ನಕ್ಕೆ, ಯಾಕೆ ನಕ್ಕೆನೋ, ಕಾಫಿ ಬಗ್ಗಿಸುವಷ್ಟರಲ್ಲಿ ಅವನ ಕೋಟು ಗೂಟದಲ್ಲಿರಲಿಲ್ಲ.

ಅದಕ್ಕೇ ಈ ವರ್ಷ ಒಬ್ಬರಿಗೆ ಒಂದೇ ಎಂದೆ. ಹೆಸರು ಬರೆದ ಚೀಟಿ, ಯಾರ ಹೆಸರು ಬಂತೋ ಅವರಿಗೊಂದು ಉಡುಗೊರೆ, ಉಳಿದಂತೆ ಒಟ್ಟಿಗೆ ಕೂತು ಊಟ, ಮಾತು, ಮುಗಿಯಿತು. ಅಳಿಯ ವೆಂಡೆಲ್‌ಗೆ ಖುಷಿಯೋ ಖುಷಿ, ಅತ್ತೇ ಇದನ್ನ ಹತ್ತು ವರ್ಷದ ಹಿಂದೇನೇ ಮಾಡ್ಬೇಕಿತ್ತು, ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಯೂಟ ಮುಗಿದ ಮೇಲೆ ಉರ್ಹೋನ ಬೇಟೆಯ ಟೋಪಿಗೆ ಚೀಟಿ ಹಾಕಿ ಕುಲುಕಿದೆ, ಸಿಲ್ವಿ ತೆಗೆದಳು, ವೆಂಡೆಲ್ ತೆಗೆದ, ಮೊಮ್ಮಗಳು ಲೆಂಪಿ ಕಣ್ಣು ಮುಚ್ಚಿ ತೆಗೆದಳು, ನಾನೊಂದು ತೆಗೆದೆ, ಆರ್ವೋನ ಪರವಾಗಿ ಇನ್ನೊಂದು, ಮಡಿಕೆ ಬಿಚ್ಚದೆ, ಕದ್ದು ನೋಡಬಾರದಲ್ಲ, ಹಾಗೇ ಲಕೋಟೆಗೆ ಹಾಕಿ ಅಂಟಿಸಿದೆ, ಜೊತೆಗೆ ಎರಡು ಸಾಲು ಬರೆಯಬೇಕಿತ್ತು, ಏನೆಂದು ಬರೆಯಲಿ, ಬರೆಯಲಿಲ್ಲ.

ಅಜ್ಜೀ ನಾಲ್ಕೇ ನಾಲ್ಕು ಇದಾವೆ, ಲೆಂಪಿ ಕ್ರಿಸ್‌ಮಸ್ ಮರದ ಕೆಳಗೆ ಅಂಗಾತ ಮಲಗಿದ್ದಾಳೆ, ಐದನೇದು ನಿನ್ನ ಮಾಮ ತರ್ತಾನೆ ಪುಟ್ಟಿ, ಹೆಸರು ಓದ್ಲಾ, ಓದು, ಅಜ್ಜಿ, ಅಮ್ಮ, ಅಪ್ಪ, ನಾನು — ಅಷ್ಟೇ, ಮಾಮ ಯಾರಿಗೆ ತರ್ತಾನೆ ಅಜ್ಜಿ? ನಮ್ಮ ನಾಲ್ವರಿಗೂ ಬಂದಾಗಿದೆ, ಹಾಗಾದರೆ ಅವನಿಗೆ ಹೋದ ಹೆಸರು ಯಾರದು, ತನ್ನದೇ ಹೆಸರೇ, ಬಟ್ಟೆಗೆ ಕೈ ಒರೆಸುತ್ತ ಅಟ್ಟಣಿಗೆಯಿಂದ ಟೋಪಿ ಇಳಿಸಿದೆ, ಒಳಗಿನ ಉಣ್ಣೆಗೆ ಅಂಟಿಕೊಂಡು ಒಂದು ಚೀಟಿ, ಬಿಚ್ಚಿದೆ, ನನ್ನದೇ ಅಕ್ಷರ, ಆರ್ವೋ. ಐದು ಜನಕ್ಕೆ ಆರು ಚೀಟಿ. ನಲವತ್ತನಾಲ್ಕು ವರ್ಷ ಎಲ್ಲ ಪಟ್ಟಿಯಲ್ಲೂ ಮೊದಲು ಬರೆದ ಹೆಸರು, ಕೈ ತಾನೇ ಬರೆದುಬಿಟ್ಟಿದೆ, ಉರ್ಹೋ ಎಂದು, ಅಯ್ಯೋ ದೇವರೇ, ಅಪ್ಪನ ಮಣ್ಣಿಗೆ ಬಾರದ ಮಗನಿಗೆ ಸತ್ತ ಅಪ್ಪನ ಹೆಸರನ್ನು ಅಂಚೆಯಲ್ಲಿ ಕಳಿಸಿದೆನಲ್ಲ, ಒಂದು ಮಾತೂ ಬರೆಯದೆ, ಯಾವ ತಾಯಿ ಹೀಗೆ ಮಾಡುತ್ತಾಳೆ, ಅವನು ಬರುವುದಿಲ್ಲ, ಇನ್ನು ಯಾಕೆ ಬರುತ್ತಾನೆ — ಮಾಮ ಬಂದ, ಮಾಮ ಬಂದ!

ಬಾಗಿಲಲ್ಲಿ ಕಾಲು ಕುಟ್ಟಿ ಹಿಮ ಕೊಡವುತ್ತಿದ್ದಾನೆ, ಕಿವಿಯ ಹತ್ತಿರ ಕೂದಲು ನೆರೆತಿದೆ, ಯಾವಾಗ ನೆರೆಯಿತು, ತೋಳಿನಡಿ ಕಂದು ಕಾಗದದ ಕಟ್ಟು, ಚಳಿಗೆ ಕೈಗಳು ಕೆಂಪಗೆ ಬಿರಿದಿವೆ, ಚೀಟಿ ನನ್ನ ಮುಷ್ಟಿಯಲ್ಲೇ ಇದೆ. ಅಮ್ಮಾ, ಲಕೋಟೆ ಒಡೆದಾಗ ಮೈ ಉರಿದುಹೋಯ್ತು, ಚುಚ್ಚೋಕೆ ಕಳಿಸಿದಾಳೆ ಅಂತ, ಎರಡು ದಿನ ಊಟ ಸೇರ್ಲಿಲ್ಲ, ಆಮೇಲೆ ಅನ್ನಿಸ್ತು, ಅಮ್ಮ ಅಂಥೋಳಲ್ಲ, ಬಂದು ಅಪ್ಪನ್ ಜೊತೆ ರಾಜಿ ಮಾಡ್ಕೊಂಡು ಹೋಗೋ ಅಂತ ಕರೀತಿದಾಳೆ, ಹೌದು ತಾನೆ? ಹೌದು ಕಣೋ, ಎಂದೆ. ಎಷ್ಟು ಸಲೀಸಾಗಿ ಎಂದೆ. ಅವನ ಕಣ್ಣು ತುಂಬಿತು, ಕಟ್ಟು ಬಿಚ್ಚಿದ, ಕುರಿಯುಣ್ಣೆ ಒಳಗಿರುವ ಚರ್ಮದ ಕೈಗವಸು, ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಕೂರುವವರದು, ಉರ್ಹೋನ ಅಗಲ ಅಂಗೈಯ ಅಳತೆ, ಒಯ್ದು ಅಪ್ಪನ ಕುರ್ಚಿಯ ಮೇಲೆ ಇಟ್ಟ.

ಈಗ ಲೆಂಪಿ ಹಂಚುತ್ತಿದ್ದಾಳೆ, ಅಜ್ಜಿಗೆ, ಅಮ್ಮಂಗೆ, ಅಪ್ಪಂಗೆ, ಇದು ನಂದು — ಮಾಮಂದೆಲ್ಲಿ? ಅಮ್ಮಾ, ಮಾಮಂಗೆ ಯಾರೂ ತಂದಿಲ್ವಾ? ಸಿಲ್ವಿ ವೆಂಡೆಲ್‌ನತ್ತ ನೋಡುತ್ತಾಳೆ, ನೀನ್ ತಂದಿಲ್ವಾ, ನಂಗ್ ಬಂದಿದ್ದು ನಿನ್ನ ಹೆಸರು ಎನ್ನುತ್ತಾನೆ ಅವನು, ಇಬ್ಬರೂ ನನ್ನತ್ತ ನೋಡುತ್ತಾರೆ, ಆರ್ವೋ ನಗುತ್ತಾನೆ, ಬಿಡೇ ಪುಟ್ಟಿ, ನಾನೇನು ಚಿಕ್ಕ ಮಗೂನಾ, ಕೆಂಪು ಕೈಗಳನ್ನು ಮೊಣಕಾಲ ನಡುವೆ ಅಡಗಿಸಿಕೊಳ್ಳುತ್ತಾನೆ, ಯಾರಿಗೂ ಅವಮಾನ ಆಗಬಾರದೆಂದೇ ತಾನೆ ಇಷ್ಟೆಲ್ಲ ಮಾಡಿದ್ದು, ಬಾಯಿ ಬಿಡು ಹೆಲ್ಮಿ, ಕೈತಪ್ಪಿನಿಂದ ಆಯಿತು ಎನ್ನು, ಅಪ್ಪನಿಗೆ ಇನ್ನೇನಕ್ಕೆ, ಆ ಕೈಗವಸು ನೀನೇ ಹಾಕಿಕೋ ಮಗನೇ ಎನ್ನು — ಎಂದರೆ ಅಮ್ಮ ಕರೆದಳೆಂದು ಅಷ್ಟು ದೂರ ಬಂದದ್ದು ಸುಳ್ಳಾಗುತ್ತದೆ, ಕೋಟು ಇನ್ನೂ ಮೈಮೇಲೇ ಇದೆ, ಎದ್ದರೆ ಎದ್ದೇ ಹೋಗುತ್ತಾನೆ — ಎನ್ನದಿದ್ದರೆ ಎಲ್ಲರ ನಡುವೆ ಮತ್ತೆ ಇವನೊಬ್ಬನೇ — ಕುರ್ಚಿಯ ಮೇಲೆ ಕೈಗವಸು, ಅಂಗೈ ಮೇಲಾಗಿ, ಹೊಸ ಚರ್ಮ, ಬಾಯಿ ಬಿಡು — ಕುರ್ಚಿಯ ಮೇಲೆ ಕೈಗವಸು, ಯಾರ ಕೈಯೂ ಹೋಗದ ಆ ಎರಡು ಕೈಗವಸು