ತೆಂಗಿನಕಾಯಿ ಹೆಬ್ಬಾತು

ಈ ಚಳಿಗಾಲಕ್ಕೆ ನಮ್ಮೂರ ಕೆರೆಗೆ ಹೆಬ್ಬಾತು ಒಂಟಿಯಾಗಿ ಬಂದಿತ್ತು. ಹೋದ ವರ್ಷ ಅದರ ಜೋಡಿಯನ್ನು ಹೊಡೆದವರು ನನ್ನ ಗಂಡನ ಅಣ್ಣ ಬೆಟ್ಟಸ್ವಾಮಿ. ತೋಟದ ಕೋತಿಗಳನ್ನು ಬೆದರಿಸಲೆಂದು ಲೈಸೆನ್ಸ್ ಪಡೆದ ಕೋವಿ ಅದು. ಹಕ್ಕಿಯನ್ನು ಪಂಪ್‌ಹೌಸಿನಲ್ಲಿ ಬೇಯಿಸಿ ತಿಂದು, ಮೈ ತೊಳೆದು, ವಿಭೂತಿ ಧರಿಸಿ ಮನೆಗೆ ಬಂದಿದ್ದರು. ಅಲ್ಲಿನ ಬೂದಿಯಲ್ಲಿ ಸಿಕ್ಕ ರೆಕ್ಕೆಯನ್ನು ನಾನು ಊರ ಹಿರಿಯರಾದ ಶಂಭುಲಿಂಗಯ್ಯನವರ ಮುಂದಿಟ್ಟೆ. ಭಾವ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದರು.

"ನಾನು ಅಂಥದ್ದೆಲ್ಲ ಮುಟ್ಟೋನಲ್ಲ ಕಣ್ರೀ. ಸಿದ್ದಗಂಗಮ್ಮಂಗೆ ಹಕ್ಕಿ ಹುಚ್ಚು, ಬುಡಿ."

ಅಂದಿನಿಂದ ಊರಿಗೆಲ್ಲ ನಾನು ಹಕ್ಕಿ ಹುಚ್ಚಿ. ಹಕ್ಕಿ ನೋಡುತ್ತೇನೆ, ಏನೀಗ? ಚಳಿ ಬಿದ್ದರೆ ಕಾಯಿ ಸುಲಿಯುವ ನಮ್ಮ ಅಂಗಳಕ್ಕೆ ಕುಂಡೆಕುಸ್ಕ ಹಕ್ಕಿ ಬಂದು, ಬಾಲ ಕುಣಿಸುತ್ತ ನನ್ನ ಕಾಲ ಬುಡದಲ್ಲೇ ಹುಳ ಹೆಕ್ಕುತ್ತದೆ. ಕೆರೆಯ ಹೆಬ್ಬಾತು ಹಗಲೆಲ್ಲ ನೀರಿನಲ್ಲಿದ್ದು, ಸಂಜೆ ಮೇಯಲು ಗದ್ದೆಗೆ ಹಾರಿ, ಬಿಸಿಲೇರಿದ ಮೇಲೆ ಮರಳುತ್ತದೆ. ಇದು ಹುಚ್ಚಿಗೆ ಗೊತ್ತಿತ್ತು, ಭಾವನಿಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರು ಜಗಲಿಯಲ್ಲಿ ಕೂತು ಕೋವಿ ಒರೆಸುತ್ತಿದ್ದರು.

"ಕೋತಿ ಕಾಟ ಜಾಸ್ತಿ ಆಯ್ತು ಕಣಮ್ಮ," ಎಂದು ನಕ್ಕರು. ಉಳಿದ ಒಂದನ್ನೂ ತಿನ್ನುವ ನಗು ಅದು.

ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಒಣಗುತ್ತಿದ್ದ ಸಿಪ್ಪೆಕಾಯಿಗಳಲ್ಲಿ ದಪ್ಪನೆಯ ಎರಡನ್ನು ಇಳಿಸಿ, ಜೋಡಿಸಿ ಕಟ್ಟಿದೆ. ಗೊನೆಯ ಬಾಗಿದ ತೊಟ್ಟನ್ನು ಕತ್ತಿನಂತೆ ಸಿಕ್ಕಿಸಿ, ಹೆಬ್ಬಾತಿನ ಬಿಳಿ ತಲೆಯಂತೆ ಕಾಣಲೆಂದು ತುದಿಗೆ ಎಲೆಯಡಿಕೆಯ ಸುಣ್ಣ ಬಳಿದೆ. ಸಂಜೆ ಹೆಬ್ಬಾತು ಗದ್ದೆಗೆ ಹಾರಿದ ಮೇಲೆ, ಹುರಿಗೆ ಕಲ್ಲು ಕಟ್ಟಿ ಅದನ್ನು ಕೆರೆಯಲ್ಲಿ ತೇಲಿಬಿಟ್ಟೆ.

ಬೆಳಿಗ್ಗೆ ಮಂಜು ಮುಸುಕಿತ್ತು. ಶಂಭುಲಿಂಗಯ್ಯನವರು ದಿನದಂತೆ ಏರಿಯ ಮೇಲೆ ಅಡ್ಡಾಡಲು ಬಂದರು. ನಾನು ಬಟ್ಟೆಗಂಟು ಹಿಡಿದು ಅವರ ಹಿಂದೆಯೇ ಬಂದೆ. ಕೆಳಗಿನ ಮೆಟ್ಟಿಲ ಬಳಿಯಿಂದ ಕೋವಿ ಢಮ್ಮೆಂದಿತು.

ಭಾವ ಕೋವಿಯನ್ನು ಮೆಟ್ಟಿಲ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ಹೆಗಲಿಗೆ ಚೀಲ ಹಾಕಿಕೊಂಡು ನೀರಿಗಿಳಿದರು. ಎದೆಮಟ್ಟದ ನೀರಿನಲ್ಲಿ ಅದರ ಕತ್ತಿಗೆ ಕೈ ಹಾಕಿ ಎತ್ತಿದರು. ಹುಟ್ಟಿದಾಗಿನಿಂದ ತೆಂಗಿನ ಕೆಳಗೆ ಬೆಳೆದವರು, ತಮ್ಮದೇ ತೋಟದ ಕಾಯಿಗೆ ಗುಂಡು ಹೊಡೆದಿದ್ದರು. ತಿರುಗಿ ನೋಡಿದರೆ ಏರಿಯಿಂದ ಇಳಿದು ಬಂದ ನಾವಿಬ್ಬರು ಮೆಟ್ಟಿಲ ಮೇಲೆ.

"ಏನ್ಲಾ ಬೆಟ್ಟಸ್ವಾಮಿ, ಕೋತಿ ಸಿಕ್ತಾ?" ಎಂದರು ಶಂಭುಲಿಂಗಯ್ಯ. ಭಾವನ ಕೈ ತಾನಾಗಿಯೇ ಕೊರಳ ಲಿಂಗದ ಕಡೆಗೆ ಹೋಯಿತು.

"ಅದುನ್ನ ಮುಟ್ಟಬ್ಯಾಡ," ಎಂದರು ಹಿರಿಯರು. "ಹೋದ ವರ್ಷ ಮುಟ್ಟಿದ್ದೇ ಸಾಕು."

"ಚೀಲಕ್ಕೆ ತುಂಬ್ಕಳಿ ಭಾವ," ಎಂದೆ ನಾನು. "ಪಂಪ್‌ಹೌಸಲ್ಲಿ ಒಲೆ ಹಚ್ಚುಸ್ತೀನಿ."

ಬಿಸಿಲೇರಿತು. ನೀರಿಗೆ ಬಂದ ಹೆಂಗಸರೆಲ್ಲ ಕೊಡ ಇಳಿಸಿ ನಿಂತರು. ಹೆಬ್ಬಾತು ಗದ್ದೆಯಿಂದ ಬಂದು, ಭಾವನ ತಲೆಯ ಮೇಲೇ ಹಾದು ಆಚೆ ದಡದ ನೀರಿಗೆ ಇಳಿಯಿತು. ಅವರು ಕೋವಿಯ ಕಡೆ ನೋಡಿದರು. ಶಂಭುಲಿಂಗಯ್ಯನವರು ಅದರ ಮೇಲೆ ಊರುಗೋಲು ಇಟ್ಟಿದ್ದರು.

ಮೇಲೆ ಬರಲು ದಾರಿಯೆಂದರೆ ನಾನು ನಿಂತ ಮೆಟ್ಟಿಲೊಂದೇ. ನಾನು ಅದರ ನಡುವೆಯೇ ಗಂಟು ಬಿಚ್ಚಿ ಕೂತೆ. ಭಾವ ನೀರಿನಲ್ಲಿ ಹಲ್ಲು ಕಡಿಯುತ್ತ ನಡುಗುತ್ತಿದ್ದರು. ನಾನು ಒಂದೊಂದೇ ಸೀರೆಯನ್ನು ನಿಧಾನವಾಗಿ ಒಗೆಯತೊಡಗಿದೆ.