ಕಂಬ ಹತ್ತಿದ ಸೊಸೆ

ಮಾರುಕಟ್ಟೆ ಬೀದಿಯ ಕಂಬಗಳಿಗೆ ಪೊಲೀಸರು ಕ್ಯಾಮೆರಾದ ಜೊತೆ ಸ್ಪೀಕರನ್ನೂ ಕಟ್ಟಿಸಿದಾಗ ಅಂಗಡಿಯವರೆಲ್ಲ ನಕ್ಕಿದ್ದರು. ಕಂಬಕ್ಕೆ ಕಣ್ಣು ಕೊಟ್ಟದ್ದು ಸರಿ, ಬಾಯಿ ಯಾಕೆ ಎಂದು ಅವರ ಪ್ರಶ್ನೆ. ಠಾಣೆಯ ಮಹಡಿಯ ಮೇಲಿನ ಕಂಟ್ರೋಲ್ ರೂಮಿನಲ್ಲಿ ಕೂತು ಆ ಬಾಯಿಗಳಿಗೆ ದನಿ ಕೊಡುವವಳು ನಮ್ಮ ಗಂಟೆ. ಹೆಸರಿಟ್ಟವರು ಠಾಣೆಯವರೇ. ಅವಳು ಗುಟ್ಟು ಹೇಳಿದರೆ ಪಕ್ಕದ ಕೋಣೆಗೆ ಕೇಳುತ್ತದೆ, ಮಾತಾಡಿದರೆ ಬೀದಿಗೆ. ಮನೆಯಲ್ಲಿ ಅತ್ತೆಗಂತೂ ಈ ದನಿ ಕಂಡರಾಗದು. "ಮೆಲ್ಲಗೆ ಮಾತಾಡೇ, ನಾನೇನು ಕಿವುಡೀನಾ?" ಎಂದು ದಿನ ಬೆಳಗಾದರೆ ಶುರು.

ಮನೆಯಲ್ಲಿ ಬೇಡವಾದ ದನಿಗೆ ಠಾಣೆಯಲ್ಲಿ ಕುರ್ಚಿ ಸಿಕ್ಕಿತ್ತು. ಅದಕ್ಕೆ ಮುಂಚೆ ಅವಳು ನೆಲಮಾಳಿಗೆಯಲ್ಲಿ, ಜಪ್ತಿಯಾದ ಸೈಕಲ್ಲುಗಳಿಗೆ ಚೀಟಿ ಕಟ್ಟುತ್ತ ತುಕ್ಕಿನ ವಾಸನೆ ಕುಡಿಯುತ್ತಿದ್ದಳು. ಈಗ ಎದುರಿಗೆ ಗೋಡೆ ತುಂಬ ಪರದೆಗಳು, ಕೈಯ ಬಳಿ ಮೈಕು, ಕಂಬಕ್ಕೊಂದು ಗುಂಡಿ. ಯಾರಾದರೂ ಬೀಗ ಮುರಿಯಲು ಬಗ್ಗಿದರೆ ಕಂಬ ಕೆಮ್ಮಿದರೂ ಸಾಕು, ಎದ್ದು ಹೋಗುತ್ತಿದ್ದರು. ಅವಳಿಗೆ ಈ ಕೆಲಸವೆಂದರೆ ಪ್ರಾಣ.

ಆದರೆ ಈ ಮಾತಾಡುವ ಕಂಬಗಳ ಪ್ರಯೋಗದ ಅವಧಿ ಆ ದಿನ ಸಂಜೆಗೆ ಮುಗಿಯುವುದಿತ್ತು. ಮೇಲಧಿಕಾರಿಗಳು ಕೇಳುವುದು ಒಂದೇ ಮಾತು: ಎಷ್ಟು ಕಳ್ಳರನ್ನು ಹಿಡಿದಿರಿ? ಒಬ್ಬರನ್ನೂ ಇಲ್ಲ. ಕಂಬ ಕೂಗಿದ ಮೇಲೆ ಕಳ್ಳ ಕದಿಯುವುದೇ ಇಲ್ಲವಲ್ಲ, ಹಿಡಿಯುವುದು ಯಾರನ್ನು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರಿಗೆ ಈ ಲೋಕದಲ್ಲಿ ಪದಕ ಉಂಟು. ಮೊದಲೇ ಹಾಕಿದವರನ್ನು ಕೇಳುವವರಿಲ್ಲ.

"ಆಗದೇ ಹೋದ ಕಳ್ಳತನಾನ ಎಲ್ಲಿಂದ ತಂದು ತೋರಿಸ್ಲಿ?" ಎಂದು ಇನ್‌ಸ್ಪೆಕ್ಟರ್ ಸಾಹೇಬರು ಬೆಳಗಿನಿಂದ ಅವಳ ಬೆನ್ನ ಹಿಂದೆ ಶತಪಥ ತಿರುಗುತ್ತಿದ್ದರು. ಈ ಕಂಬಗಳಿಗಾಗಿ ಎಲ್ಲರ ಕೈಕಾಲು ಹಿಡಿದು ಒಪ್ಪಿಸಿದವರು ಅವರೇ. ಅವು ಇಳಿದರೆ ಅವರ ಮುಖವೂ ಇಳಿಯುತ್ತದೆ, ಗಂಟೆ ಮತ್ತೆ ನೆಲಮಾಳಿಗೆಗೆ ಇಳಿಯುತ್ತಾಳೆ.

ಮಧ್ಯಾಹ್ನ ಜಾರಿ ಬೀದಿ ತುಂಬತೊಡಗಿದಾಗ ಒಂದು ಪರದೆಯಲ್ಲಿ ಹಳದಿ ಚೌಕ ಮೂಡಿತು. ಒಂದೇ ಗಾಡಿ ಮತ್ತೆ ಮತ್ತೆ ಅದೇ ಬೀದಿ ಸುತ್ತಿದರೆ ಯಂತ್ರ ಹಾಗೆ ಗುರುತು ಹಾಕುತ್ತದೆ. ಕಪ್ಪು ಬೈಕು, ಇಬ್ಬರು ಸವಾರರು. ವಾರದಿಂದ ಮಳೆಯಿಲ್ಲ, ಆದರೂ ನಂಬರ್ ಪ್ಲೇಟಿನ ತುಂಬ ಕೆಸರು.

"ಸಾರ್, ಸರಗಳ್ಳರು," ಎಂದಳು ಗಂಟೆ.

ಸಾಹೇಬರು ಒಂದೇ ನೆಗೆತಕ್ಕೆ ಪರದೆಯ ಮುಂದೆ ಬಂದರು. ವೈರ್‌ಲೆಸ್ಸಿನಲ್ಲಿ ಬೀದಿಯ ಕೊನೆಯ ಜೀಪಿಗೆ ಎಚ್ಚರಿಕೆ ಕೊಟ್ಟರು. ಅವಳು ಮೈಕಿನತ್ತ ಕೈ ಚಾಚುತ್ತಿದ್ದಂತೆ ತಡೆದರು.

"ತಾಳು. ಈಗ್ಲೇ ಕೂಗ್ಬೇಡ. ಕೈ ಹಾಕ್ಲಿ, ಕಿತ್ಕೊಳ್ಲಿ. ಮೂಲೇಲೇ ಹಿಡೀತಾರೆ ನಮ್ಮೋರು. ಸರ ವಾಪಸ್ ಬರುತ್ತೆ, ಕಳ್ಳರು ಒಳಗೆ ಹೋಗ್ತಾರೆ, ಕಂಬ ಉಳಿಯುತ್ತೆ. ನಿನ್ನ ಕುರ್ಚೀನೂ ಉಳಿಯುತ್ತೆ."

ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಗಂಟೆ ಕೈ ಹಿಂದೆಳೆದುಕೊಂಡಳು. ಬೈಕು ಹಣ್ಣಿನ ಗಾಡಿಗಳನ್ನು ದಾಟಿ ವೇಗ ತಗ್ಗಿಸಿತು. ಹಿಂದೆ ಕೂತವನು ಕೈಬೆರಳ ನೆಟಿಕೆ ಮುರಿದ. ಅವನು ನೋಡುತ್ತಿದ್ದುದು ಹಸಿರು ಛತ್ರಿ ಹಿಡಿದು, ಎಡಗಾಲನ್ನು ಕೊಂಚ ಎಳೆಯುತ್ತ ಹೋಗುತ್ತಿದ್ದ ಒಬ್ಬ ಹಿರಿಯ ಹೆಂಗಸನ್ನು.

ಆ ಛತ್ರಿಯನ್ನು ಗಂಟೆ ಅಂದು ಬೆಳಿಗ್ಗೆ ತಾನೇ ಧೂಳು ಕೊಡವಿ ಬಾಗಿಲ ಹಿಂದೆ ತೂಗುಹಾಕಿದ್ದಳು. ಅದು ಅವಳ ಅತ್ತೆ.

ತರಬೇತಿಯಲ್ಲಿ ತೋರಿಸಿದ್ದ ಒಂದು ದೃಶ್ಯ ಅವಳ ಕಣ್ಣಿಗೆ ಕಟ್ಟಿತು. ಅಲ್ಲಿ ಸರ ತುಂಡಾಗಿರಲಿಲ್ಲ, ಅದರ ಜೊತೆ ಹೆಂಗಸನ್ನೇ ಬೈಕು ಎಳೆದುಕೊಂಡು ಹೋಗಿತ್ತು. ಸರ ವಾಪಸ್ ಬರುತ್ತದೆ ಸರಿ, ಸೊಂಟ ಮುರಿದರೆ ಅದನ್ನು ಯಾವ ಜೀಪು ತಂದುಕೊಡುತ್ತದೆ? ಕುರ್ಚಿಯ ಆಸೆ ಅವಳಿಗೆ ಇರಲಿಲ್ಲವೆಂದಲ್ಲ. ಇತ್ತು, ಬೇಕಾದಷ್ಟಿತ್ತು. ಆದರೂ ಕೈ ಮೈಕಿನ ಮೇಲಿತ್ತು.

ಹೇಳಬೇಕಾದ ಮಾತನ್ನು ಇಲಾಖೆ ಅಚ್ಚುಹಾಕಿಸಿ ಎದುರಿಗೇ ಅಂಟಿಸಿತ್ತು: 'ಮಾನ್ಯ ನಾಗರಿಕರೇ, ದಯವಿಟ್ಟು ತಮ್ಮ ವಸ್ತುಗಳ ಬಗ್ಗೆ ಜಾಗ್ರತೆ ವಹಿಸಿ.' ಮಾನ್ಯ ನಾಗರಿಕರು ಎಂದರೆ ತಾನು ಎಂದುಕೊಳ್ಳುವ ಪ್ರಾಣಿ ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಗಂಟೆ ಆ ಕಾಗದದತ್ತ ನೋಡಲೂ ಇಲ್ಲ. ಅವಸರಕ್ಕೆ ಒಂದು ಕಂಬದ ಗುಂಡಿ ಒತ್ತುವ ಬದಲು ಎಲ್ಲ ಕಂಬಗಳ ಗುಂಡಿಯನ್ನೇ ಒತ್ತಿಬಿಟ್ಟಳು.

"ಅತ್ತೇ! ಹಿಂದೆ ಕಳ್ಳರು! ಸರ ಹಿಡ್ಕೊಂಡು ಅಂಗಡಿ ಒಳಗೆ ನುಗ್ಗಿ!"

ಬೀದಿಯ ಈ ತುದಿಯಿಂದ ಆ ತುದಿಗೆ ಕಂಬಗಳೆಲ್ಲ ಒಂದೇ ಬಾಯಲ್ಲಿ ಕೂಗಿದವು. ಮಾರುಕಟ್ಟೆಯಲ್ಲಿ ಅತ್ತೆಯರಿಗೇನು ಬರವೇ? ಸೊಸೆಯಿದ್ದ ಹೆಂಗಸರೆಲ್ಲ ತಮ್ಮನ್ನೇ ಕರೆದರೆಂದು ಗಕ್ಕನೆ ತಿರುಗಿ ಕೊರಳಿಗೆ ಕೈ ಹಾಕಿಕೊಂಡರು. ಹೂ ಕೊಳ್ಳುತ್ತಿದ್ದವಳು, ಚೌಕಾಸಿ ಮಾಡುತ್ತಿದ್ದವಳು, ಬಾಯಿಗೆ ದ್ರಾಕ್ಷಿ ಹಾಕಿ ರುಚಿ ನೋಡುತ್ತಿದ್ದವಳು, ಎಲ್ಲರೂ. ಸೊಸೆಯಿಲ್ಲದ ಒಬ್ಬಳು, ಇರಲಿ ಎಂದು ತಾನೂ ಹಿಡಿದುಕೊಂಡಳು. ಅವರ ಕಣ್ಣುಗಳೆಲ್ಲ ಹಿಂದಕ್ಕೆ ಹೊರಳಿದವು. ಅಲ್ಲಿದ್ದದ್ದು ಒಂದೇ ಬೈಕು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಹಿಂದೆ ಕೂತವನು ಚಾಚಿದ ಕೈಯನ್ನು ಸರ್ರನೆ ಜೇಬಿಗೆ ತುರುಕಿದ. ಗಂಟೆಯ ಅತ್ತೆ ಕಂಬದತ್ತ ತಿರುಗಿದ ರಭಸಕ್ಕೆ ಛತ್ರಿಯ ಅಂಚು ಸವಾರನ ಮೂಗಿಗೆ ತಾಗಿತು. ಬೈಕು ಓಲಾಡಿ, ಈರುಳ್ಳಿ ಚೀಲಗಳಿಗೆ ಗುದ್ದಿ, ಹೇಗೋ ಎದ್ದು ಬಾಲ ಮುದುರಿಕೊಂಡು ಓಡಿತು. ಕಂಟ್ರೋಲ್ ರೂಮಿನಲ್ಲಿ ಗಂಟೆ ಕುರ್ಚಿ ಬಿಟ್ಟು ಎದ್ದು ಕುಣಿದೇಬಿಟ್ಟಳು.

ಮೂಲೆಯಲ್ಲಿ ಜೀಪಿನವರು ಅವರನ್ನು ನಿಲ್ಲಿಸಿದರು. "ನಾವೇನು ಮಾಡಿದ್ವಿ ಸಾರ್? ಜೇಬು ನೋಡ್ಕೊಳ್ಳಿ," ಎಂದರಂತೆ ಪುಣ್ಯಾತ್ಮರು. ಜೇಬಿನಲ್ಲಿ ಏನೂ ಇರಲಿಲ್ಲ. ಪ್ಲೇಟಿನ ಕೆಸರಿಗೆ ದಂಡ ಹಾಕಿ, ಫೋಟೋ ತೆಗೆದು ಬಿಡಬೇಕಾಯಿತು.

ಸಾಹೇಬರು ವೈರ್‌ಲೆಸ್ ಕೆಳಗಿಟ್ಟು ಕುಸಿದು ಕೂತರು. "ಮುಗೀತು. ಕೈಗೆ ಬಂದಿದ್ದು ಬಾಯಿಗೆ ಬರ್ಲಿಲ್ಲ."

"ಅವರು ನಮ್ಮತ್ತೆ, ಸಾರ್."

"ಬೇರೆ ಯಾರಾದ್ರೂ ಆಗಿದ್ರೆ?"

ಗಂಟೆ ಸ್ವಲ್ಪ ಯೋಚಿಸಿದಳು. "ಕೂಗ್ತಿದ್ದೆ ಸಾರ್. ಇಷ್ಟು ಜೋರಾಗಿ ಅಲ್ಲ."

ಸಾಹೇಬರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಗದ್ದಲ ಕೇಳಿತು. ಮೆಟ್ಟಿಲಿಳಿದು ನೋಡಿದರೆ ಠಾಣೆಯ ಬಾಗಿಲಲ್ಲಿ ಹಸಿರು ಛತ್ರಿ, ಅದರ ಹಿಂದೆ ಅರ್ಧ ಮಾರುಕಟ್ಟೆ.

"ದೂರು ಕೊಡ್ಬೇಕು ನಾನು," ಎಂದರು ಅತ್ತೆ. "ನಡುಬೀದೀಲಿ ನನ್ನನ್ನ ಕೂಗಿ ಮಾನ ತೆಗೆದ್ರು. ಯಾರು ಅಂತ ಬೇರೆ ಹೇಳ್ಬೇಕಾಗಿಲ್ಲ. ಕುಕ್ಕರಿಗಿಂತ ಮುಂಚೆ ಕೂಗೋ ಆ ದನಿ ನನಗೆ ಗೊತ್ತಿಲ್ವಾ?"

"ಬರ್ಕೊಳ್ತೀನಮ್ಮ," ಎಂದರು ಸಾಹೇಬರು ದಣಿದ ದನಿಯಲ್ಲಿ. "ನಿಮಗೆ ಏನಾಯ್ತು, ಹೇಳಿ."

"ಏನಾಗುತ್ತೆ? ಏನೂ ಆಗ್ಲಿಲ್ಲ."

ಸಾಹೇಬರ ಪೆನ್ನು ನಿಂತಿತು. ಅವರು ಮೆಲ್ಲಗೆ ತಲೆಯೆತ್ತಿ ಹಿಂದಿದ್ದ ಹೆಂಗಸಿನತ್ತ ನೋಡಿದರು. "ನಿಮಗೆ?"

"ನನಗೂ ಏನೂ ಆಗ್ಲಿಲ್ಲ. ಅದನ್ನ ಹೇಳೋಕೇ ಬಂದೆ."

"ನನಗೂ," ಎಂದಳು ಇನ್ನೊಬ್ಬಳು, ಕೊರಳಿಂದ ಕೈ ತೆಗೆಯದೆ. ಸಾಲಿನ ಕೊನೆಯವರೆಗೂ ಅದೇ ಮಾತು ಹೋಯಿತು.

ಸಾಹೇಬರ ಮುಖ ದೀಪ ಹಚ್ಚಿದ ಹಾಗಾಯಿತು. ಫೋನೆತ್ತಿ ಮೇಲಧಿಕಾರಿಗೆ ಕರೆ ಮಾಡಿದರು. "ಸಾರ್, ಠಾಣೆ ತುಂಬ ಜನ. ಏನೂ ಆಗ್ಲಿಲ್ಲ ಅಂತ ಸಾಕ್ಷಿ ಹೇಳೋಕೆ ಬಂದಿದಾರೆ. ವಿಡಿಯೋನೂ ಇದೆ. ಕಂಬ ಇಳಿಸ್ಬೇಕಾ ಅಂತ ನೀವೇ ಇವರನ್ನ ಕೇಳಿ."

ಫೋನು ಅತ್ತೆಯ ಕೈಗೆ ಹೋಯಿತು. "ಕಂಬ ಇಳಿಸ್ತೀರಂತೆ? ಇಳಿಸಿ ನೋಡಿ," ಎಂದಷ್ಟೇ ಹೇಳಿ ಅವರು ವಾಪಸ್ ಕೊಟ್ಟರು. ಆ ಕಡೆಯ ಮಾತು ಕೇಳುತ್ತ ಕೇಳುತ್ತ ಸಾಹೇಬರು ಗಂಟೆಗೆ ಹೆಬ್ಬೆರಳೆತ್ತಿ ತೋರಿಸಿದರು. ಕಂಬಗಳು ಉಳಿದವು, ಕುರ್ಚಿಯೂ.

ಗುಂಪು ಕರಗಿದ ಮೇಲೆ ಗಂಟೆ ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟಳು. ಅತ್ತೆ ಲೋಟ ಎತ್ತುವಾಗ ನೀರು ಸೀರೆಗೆ ಚೆಲ್ಲಿತು. ಗಂಟೆ ತನ್ನ ಕೈಯನ್ನು ಅವರ ಕೈಮೇಲಿಟ್ಟು ಗಟ್ಟಿಯಾಗಿ ಹಿಡಿದಳು.

"ನಾಳೆ ಮೆಲ್ಲಗೆ ಕೂಗ್ತೀನಿ, ಅತ್ತೆ," ಎಂದಳು.

"ಬೇಡ," ಎಂದರು ಅತ್ತೆ. "ಜೋರಾಗೇ ಕೂಗು. ನನ್ನ ಕಿವಿ ಸ್ವಲ್ಪ ಮಂದ."