ಹದಿನೈದು ಸೆಕೆಂಡಿನ ದಾರಿ

ಕೋತಗಿರಿ ಜಂಕ್ಷನ್ನಿನಲ್ಲಿ ಮೂವತ್ತೊಂದು ವರ್ಷ ಕೈಬೀಸಿ ವಾಹನಗಳನ್ನು ಕುಣಿಸಿದ್ದ ಟ್ರಾಫಿಕ್ ಪೊಲೀಸ್ ನಂಜ, ನಿವೃತ್ತನಾದ ಮೇಲೂ ದಿನಾ ಅಲ್ಲಿಗೇ ಬಂದು ನಿಲ್ಲುತ್ತಿದ್ದ. ಆದರೆ ನಿಲ್ಲುವ ಜಾಗವೇ ಮಾಯವಾಗಿತ್ತು. ರಸ್ತೆ ಅಗಲವಾಗಿ, ಅವನ ದುಂಡುಕಟ್ಟೆ ಕಿತ್ತುಹೋಗಿ, ಅಲ್ಲಿ ಸಿಗ್ನಲ್ ಕಂಬ ಎದ್ದಿತ್ತು.

"ನಂಜನ ಜಾಗಕ್ಕೆ ಮುಕ್ಕಣ್ಣ ಬಂದ. ದೇವರು ಒಬ್ಬನೇ ಬಿಡಿ," ಎಂದು ನಂಜ ಕಂಬದ ಮೂರು ದೀಪ ತೋರಿಸಿ ನಗಾಡಿದ.

ಸಿಗ್ನಲ್ಲಿಗೆ ಸಮಯ ಹೊಂದಿಸುತ್ತಿದ್ದ ಇಂಜಿನಿಯರ್ ಸರವಣನ್ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ನಡೆಯೋರಿಗೆ ಹದಿನೈದು ಸೆಕೆಂಡು, ಅಣ್ಣಾ. ಸಂಜೆ ಇದನ್ನೇ ಖಾಯಂ ಮಾಡ್ತೀನಿ."

ನಂಜನ ನಗು ಅಲ್ಲಿಗೇ ನಿಂತಿತು. "ಸಾಲ್ದು ಸಾರ್. ಸಂತೆ ದಿನ ಹಟ್ಟಿಗಳಿಂದ ವಯಸ್ಸಾದೋರು ಬರ್ತಾರೆ. ನಡುರೋಡಲ್ಲಿ ಸಿಕ್ಕಿಬಿದ್ರೆ?"

"ನೀವು ಎಷ್ಟು ಹೊತ್ತು ನಿಲ್ಲಿಸ್ತಿದ್ರಿ?"

ನಂಜ ಗಡಿಯಾರ ನೋಡಿದ್ದರೆ ತಾನೇ? ಆಗೆಲ್ಲ ರಸ್ತೆ ನಡುವೆ ನೆಂಟರು ಎದುರಾದರೆ ಕಿರಿಯರು ತಲೆ ಬಾಗಿಸುವರು. ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಮನೆ, ಮಕ್ಕಳು, ದನಕರು, ತೋಟ ಎಲ್ಲವನ್ನೂ ಹರಸುವರು. ಆ ಕೈ ಇಳಿಯುವ ತನಕ ನಂಜನ ಕೈಯೂ ಇಳಿಯುತ್ತಿರಲಿಲ್ಲ. ಊಟಿ ಬಸ್ಸಿನ ಡ್ರೈವರ್ ಸುರೇಂದ್ರನ್ ಕರು ಕಳಕೊಂಡ ಎಮ್ಮೆಯ ಹಾಗೆ ಹಾರನ್ ಒತ್ತಿದರೆ, ನಂಜ ಬಾಯಲ್ಲೇ "ಪೋಂ... ಪೊಪ್ಪೋಂ" ಎಂದು ತಿರುಗಿ ಕೊಡುವನು. ಬಸ್ಸಿಗೆ ಬಸ್ಸೇ ನಗುತ್ತಿತ್ತು.

"ವಯಸ್ಸಾದೋರು ಒಬ್ರನ್ನ ಕರೀರಿ," ಎಂದ ಸರವಣನ್. "ದಾಟೋಕೆ ಆಗಲಿಲ್ಲ ಅಂದ್ರೆ ಹೆಚ್ಚಿಸ್ತೀನಿ."

ಅಷ್ಟರಲ್ಲಿ ಹಾಲಿ ಎಂಬ ಎಂಬತ್ತಮೂರರ ಮುದುಕ ಬಂದ. ನಂಜನಿಗೆ ವರಸೆಯಲ್ಲಿ ದೊಡ್ಡಪ್ಪ. ನಂಜ ಕಿವಿಯಲ್ಲಿ ಪಿಸುಗುಟ್ಟಿದ: "ಮೆಲ್ಲನೆ ದಾಟು ದೊಡ್ಡಪ್ಪಾ."

"ಎನ್ನ ಕಾಲುಗ ಏನಾತು? ನೀ ಆಚೆ ಹೋಗಿ ನಿಲ್ಲು, ನೋಡು!"

ನಂಜ ಆಚೆ ಬದಿಗೆ ಹೋಗಿ ನಿಂತ. ಹಸಿರು ಬಿತ್ತು. ಹಾಲಿ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಾಪುಗಾಲು ಹಾಕಿದ. ಆರನೇ ಸೆಕೆಂಡಿಗೇ ಅರ್ಧ ರಸ್ತೆ! ಈ ರೋಷದ ನಡಿಗೆಯಿಂದಲೇ ಉಳಿದ ಮುದಿಗಾಲುಗಳೆಲ್ಲ ಹದಿನೈದು ಸೆಕೆಂಡಿಗೆ ಸಿಕ್ಕಿಬೀಳುವುದು ಖಂಡಿತ. ನಂಜನಿಗೆ ತಡೆಯಲಾಗಲಿಲ್ಲ, ದೊಡ್ಡಪ್ಪನನ್ನು ನಿಧಾನಿಸಲು ಎದುರಿನಿಂದ ರಸ್ತೆಗಿಳಿದ.

ಎದುರುಬದುರಾದರು. ಮೂವತ್ತೊಂದು ವರ್ಷ ಇಲ್ಲಿ ನಂಜನ ತಲೆಯ ಮೇಲೆ ಸರ್ಕಾರದ ಟೋಪಿ ಇತ್ತು. ಟೋಪಿ ತೆಗೆಯದೆ ತಲೆಬಾಗುವಂತಿಲ್ಲ, ಡ್ಯೂಟಿಯಲ್ಲಿ ಟೋಪಿ ತೆಗೆಯುವಂತಿಲ್ಲ. ಊರಿನವರ ಆಶೀರ್ವಾದಗಳಿಗೆಲ್ಲ ಕಾವಲು ನಿಂತವನಿಗೆ ಇಲ್ಲಿ ಒಂದೂ ಸಿಕ್ಕಿರಲಿಲ್ಲ. ಇವತ್ತು ಟೋಪಿಯಿಲ್ಲದ ತಲೆ ತಾನಾಗಿ ಬಾಗಿತು.

ಹಾಲಿಯ ರೋಷ ಎಲ್ಲಿ ಹೋಯಿತೋ. ಅವನ ಕೈ ನಂಜನ ನೆತ್ತಿಗಿಳಿಯಿತು. "ಒಂದು ಒಂಬತ್ತಾಗಲಿ, ಮನೆ ತುಂಬಲಿ, ತೋಟ ಚಿಗುರಲಿ..."

ಕೆಂಪು ಬಿತ್ತು. ಲಾರಿಯೊಂದು ಗುರ್ ಎಂದಿತು. ಆಶೀರ್ವಾದವನ್ನು ಅರ್ಧಕ್ಕೆ ಮುರಿಯುವುದುಂಟೆ? ನಂಜ ತಲೆ ಎತ್ತಲಿಲ್ಲ. ಬಲಗೈ ಮಾತ್ರ ಅಡ್ಡಕ್ಕೆ ಚಾಚಿತು, ಅಂಗೈ ಲಾರಿಯ ಕಡೆಗೆ. ಲಾರಿ ನಿಂತಿತು.

ಇಬ್ಬರೂ ದಡ ಸೇರಿದಾಗ ಸರವಣನ್ ಕೈಗಡಿಯಾರ ನೋಡುತ್ತಿದ್ದ. "ಮೂವತ್ತೆಂಟು ಸೆಕೆಂಡು! ಏನಣ್ಣಾ ಇದು?"

"ಮೊಮ್ಮಕ್ಕಳನ್ನ ಹರಸೋದು ಬಿಟ್ಟೇಹೋತು," ಎಂದು ಹಾಲಿ ಗೊಣಗಿದ.

ಸರವಣನ್ ನಕ್ಕು ಕೀಲಿ ಒತ್ತಿದ. "ಸಂತೆ ದಿನ ನಲವತ್ತು. ಅದಕ್ಕಿಂತ ಜಾಸ್ತಿ ಕೇಳ್ಬೇಡಿ."

ನಂಜ ಕೇಳಲಿಲ್ಲ. ಗಾಳಿ ಬೀಸುತ್ತಿದ್ದರೂ, ದೊಡ್ಡಪ್ಪನ ಕೈಯಿಂದ ಕೆದರಿದ ಕೂದಲನ್ನು ಅವನು ಸರಿಮಾಡಿಕೊಳ್ಳಲೂ ಇಲ್ಲ.